ಹಿಂದೊದೆತದ ನಿಗ್ರಹ: ಬುರುಜಿನ ತೋಪು ಮತ್ತು ಪರದೆಯ ಮೇಲಣ ಬಂದೂಕು

ಕಲಬುರಗಿಯ ಕೋಟೆಯನ್ನು ನೋಡಲು ಬರುವವರೆಲ್ಲರೂ ಅಲ್ಲಿನ ದೊಡ್ಡ ತೋಪಿನ ಮುಂದೆ ನಿಂತು ಕೇಳುವ ಪ್ರಶ್ನೆ ಒಂದೇ: ಇದರ ಉದ್ದವೆಷ್ಟು? 29 ಅಡಿ ಎಂಬ ಉತ್ತರವನ್ನು ಕೇಳಿ, ಲೋಕದಲ್ಲಿಯೇ ಇದಕ್ಕೆ ಸಮನಾದುದಿಲ್ಲವೆಂಬ ಮಾತನ್ನೂ ಕೇಳಿ, ಸಂತೃಪ್ತರಾಗಿ ಹಿಂದಿರುಗುತ್ತಾರೆ. ಇತಿಹಾಸದ ಅಧ್ಯಾಪಕರಾದ ನಾವೂ ಬಹುಮಟ್ಟಿಗೆ ಇದೇ ಜಾಡಿನಲ್ಲಿ ನಡೆದಿದ್ದೇವೆ. ಜೇವರ್ಗಿ ಕಾಲೋನಿಯಲ್ಲಿ ನಮ್ಮ ನೆರೆಮನೆಯ ಹುಡುಗನೊಬ್ಬನು ಮಾತ್ರ ಬೇರೊಂದು ಪ್ರಶ್ನೆಯನ್ನು ಕೇಳಿದನು: “ಸರ್, ಇಷ್ಟ್ ದೊಡ್ಡ ತೋಪಿನ ರಿಕಾಯಿಲ್ ಹೆಂಗ ತಡೀತಿದ್ರು ರೀ?” ಆ ಹುಡುಗನು ಮೊಬೈಲಿನಲ್ಲಿ ಬಂದೂಕಿನ ಆಟವಾಡುವವನು; ಅವನ ಪ್ರಶ್ನೆ ಹುಟ್ಟಿದುದು ಗ್ರಂಥಗಳಿಂದಲ್ಲ, ಹೆಬ್ಬೆರಳಿನ ಅನುಭವದಿಂದ. ಆದರೂ ಅದು ಶುದ್ಧವಾದ ಇತಿಹಾಸದ ಪ್ರಶ್ನೆಯೆಂಬುದರಲ್ಲಿ ಸಂದೇಹವಿಲ್ಲ.

ಅವನು ರಿಕಾಯಿಲ್ ಎಂದುದನ್ನು ಇಲ್ಲಿ ಹಿಂದೊದೆತವೆಂದು ಕರೆಯೋಣ. ಗುಂಡು ಮುಂದಕ್ಕೆ ಹಾರಿದಾಗ ಆಯುಧವು ಹಿಂದಕ್ಕೆ ಒದೆಯುತ್ತದೆ. ನ್ಯೂಟನ್ನನ ಮೂರನೆಯ ನಿಯಮದಿಂದ ಇದು ಯಾರಿಗೂ ತಿಳಿದ ಸಂಗತಿಯೇ. ಆದರೆ ಅದರ ಪ್ರಮಾಣವನ್ನು ಲೆಕ್ಕ ಹಾಕಿ ನೋಡುವವರು ವಿರಳ. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿಯು ಎರಕಹೊಯ್ದು, 1632ರಲ್ಲಿ ಪರಾಂಡದಿಂದ ವಿಜಯಪುರಕ್ಕೆ ತರಲ್ಪಟ್ಟ ಮಲಿಕ್-ಎ-ಮೈದಾನ್ ತೋಪನ್ನೇ ತೆಗೆದುಕೊಳ್ಳಬಹುದು. ಅದರ ತೂಕ ಸುಮಾರು 55 ಟನ್ನು. ನಳಿಗೆಯ ಒಳವ್ಯಾಸ 28 ಅಂಗುಲ. ಅಷ್ಟಗಲದ ಕರಿಗಲ್ಲಿನ ಗುಂಡು 470 ಕಿಲೋದಷ್ಟಾದರೂ ತೂಗಬೇಕು. ಲೆಕ್ಕದ ಸೌಕರ್ಯಕ್ಕಾಗಿ ಗುಂಡಿನ ವೇಗವನ್ನು ಸೆಕೆಂಡಿಗೆ 200 ಮೀಟರೆಂದು ಹಿಡಿದರೆ, ತೋಪು ಸೆಕೆಂಡಿಗೆ ಒಂದೂ ಮುಕ್ಕಾಲು ಮೀಟರಿಗೆ ಸಮೀಪದ ವೇಗದಲ್ಲಿ ಹಿಂಜರಿಯುತ್ತದೆ. ಬಿರುಸಾಗಿ ನಡೆಯುವ ಮನುಷ್ಯನ ವೇಗ ಅಷ್ಟೇ. ಆದರೆ ನಡೆಯುತ್ತಿರುವುದು 55 ಟನ್ನಿನ ಲೋಹ! ಇದನ್ನು ತಡೆಯಲು ಆಳುಗಳ ತೋಳುಬಲ ಸಾಲದು, ಕಲ್ಲು ಬೇಕು. ಆದುದರಿಂದಲೇ ದಖ್ಖನಿನ ಬುರುಜುಗಳ ಮೇಲೆ ತೋಪನ್ನು ತಿರುಗಿಸುವ ನಡುಗೀಲಿಗೆ ಕುಣಿಯನ್ನೂ, ಅದರ ಹಿಂಬದಿಗೆ ಒದೆತವನ್ನು ತಾಳಿಕೊಳ್ಳುವ ದಪ್ಪವಾದ ಗೋಡೆಯನ್ನೂ ಕಟ್ಟುತ್ತಿದ್ದರು. ಸಿಡಿಲಿನಂತಹ ಸದ್ದಿಗೆ ಅಂಜಿ ಗೋಲಂದಾಜನು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನೆಂಬ ಕಥೆಯನ್ನು ಮಾರ್ಗದರ್ಶಕರು ಉತ್ಸಾಹದಿಂದ ಹೇಳುತ್ತಾರೆ. ಗೋಡೆಯ ಕಡೆಗೆ ಬೆರಳು ತೋರಿಸಿದವರನ್ನು ಈ ಲೇಖಕನು ಕಂಡಿಲ್ಲ.

ಒದ್ದ ತೋಪನ್ನು ಮತ್ತೆ ಸ್ವಸ್ಥಾನಕ್ಕೆ ತಂದು ಗುರಿ ಹೂಡಬೇಕು; ಅದಕ್ಕೆ ಹೊತ್ತು ಹಿಡಿಯುತ್ತದೆ. 1520ರ ರಾಯಚೂರಿನ ಕದನದಲ್ಲಿ ಇಸ್ಮಾಯಿಲ್ ಆದಿಲಶಾಹನ ತೋಪುಗಳು ಮೊದಲ ಸಿಡಿತದಲ್ಲಿ ವಿಜಯನಗರದ ಮುಂಚೂಣಿಯನ್ನು ಮುರಿದುವಾದರೂ, ಬಳಿಕ ಕೃಷ್ಣದೇವರಾಯನು ಸೇನೆಯನ್ನು ಹುರಿದುಂಬಿಸಿ ಮೇಲೆಬಿದ್ದು ಗೆದ್ದನೆಂಬುದು ಪೋರ್ಚುಗೀಸನಾದ ನೂನಿಜನ ಬರಹದಿಂದ ತಿಳಿಯುತ್ತದೆ. ಸೋಲಿಗೆ ಹಿಂದೊದೆತವೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಮದ್ದು ತುಂಬುವುದಕ್ಕೂ ಹೊತ್ತು ಬೇಕಷ್ಟೆ. ಆದರೆ ಎರಡು ಸಿಡಿತಗಳ ನಡುವಣ ಬಿಡುವು ಪ್ರಾಣಾಂತಿಕವಾದುದೆಂಬುದು ಸ್ಪಷ್ಟ. ಈ ಬಿಡುವನ್ನು ನಿಜವಾಗಿ ಕಿರಿದುಮಾಡಿದುದು ಫ್ರೆಂಚರ 1897ರ 75 ಮಿಲಿಮೀಟರ್ ತೋಪು. ಅದರಲ್ಲಿ ನಳಿಗೆ ಮಾತ್ರ ಎಣ್ಣೆ ಮತ್ತು ಒತ್ತಿದ ಗಾಳಿಯ ಆಸರೆಯಿಂದ ಹಿಂದೆ ಸರಿದು ಮರಳುತ್ತಿತ್ತು. ಗಾಡಿ ನಿಂತಲ್ಲಿಯೇ ನಿಲ್ಲುತ್ತಿತ್ತು.

ಕೈಯಲ್ಲಿ ಹಿಡಿಯುವ ಸ್ವಯಂಚಾಲಿತ ಬಂದೂಕಿನ ತೊಡಕು ಬೇರೆ ಬಗೆಯದು. ನಿಮಿಷಕ್ಕೆ 600ರ ವೇಗವೆಂದರೆ ಸೆಕೆಂಡಿಗೆ 10 ಗುಂಡುಗಳು. ನಳಿಗೆಯ ರೇಖೆ ಸಾಮಾನ್ಯವಾಗಿ ಭುಜದ ಆಸರೆಗಿಂತ ತುಸು ಮೇಲಿರುವುದರಿಂದ ಒದೆತದೊಡನೆ ಮೂತಿಯೂ ಮೇಲೇಳುತ್ತದೆ. ಅದು ಇಳಿಯುವ ಮೊದಲೇ ಮುಂದಿನ ಗುಂಡು ಹೊರಟಿರುತ್ತದೆ. ಕಲಾಶ್ನಿಕೋವ್ ಬಂದೂಕಿನ 1959ರ ಸುಧಾರಿತ ರೂಪದಲ್ಲಿ ಮೂತಿಗೆ ಓರೆಯಾಗಿ ಕತ್ತರಿಸಿದ ತುಂಡೊಂದನ್ನು ಜೋಡಿಸಿದುದು ಈ ಏಳುವಿಕೆಯನ್ನು ಒತ್ತಿಹಿಡಿಯುವುದಕ್ಕಾಗಿಯೇ.

ಇನ್ನು, ಆಡುವವನ ಕಣ್ಣಿನಿಂದಲೇ ರಣರಂಗವನ್ನು ಕಾಣಿಸುವ ಶೂಟಿಂಗ್ ಆಟಗಳ ವಿಷಯ. ಪರದೆಯ ಮೇಲೆ ಮದ್ದಿಲ್ಲ, ಲೋಹವಿಲ್ಲ. ಆದುದರಿಂದ ಒದೆತವೂ ಇರಬೇಕಾಗಿಲ್ಲ. 1993ರ ಡೂಮ್ ಆಟದಲ್ಲಿ ಬಂದೂಕಿನ ಮೂತಿ ಏಳುತ್ತಲೇ ಇರಲಿಲ್ಲ. ಇಲ್ಲದ ಒದೆತವನ್ನು ಬೇಕೆಂದೇ ಕಲ್ಪಿಸಿ, ಆಟಗಾರನ ಕೌಶಲದ ಒರೆಗಲ್ಲಾಗಿ ಮಾಡಿದ ಆಟಗಳಲ್ಲಿ 1999ರಲ್ಲಿ ಹೊರಬಂದ ಕೌಂಟರ್-ಸ್ಟ್ರೈಕ್ ಮುಖ್ಯವಾದುದು. ಮಿನ್ ಲೀ, ಜೆಸ್ ಕ್ಲಿಫ್ ಎಂಬಿಬ್ಬರು ಹಾಫ್-ಲೈಫ್ ಎಂಬ ಆಟವನ್ನು ಮಾರ್ಪಡಿಸಿ ಇದನ್ನು ರಚಿಸಿದರು. ಇದರ 2012ರ ಅವತರಣಿಕೆಯಲ್ಲಿ ಎಕೆ-47ರ 30 ಗುಂಡುಗಳೂ ಮೂರೇ ಸೆಕೆಂಡುಗಳಲ್ಲಿ ಮುಗಿಯುತ್ತವೆ. ಅವು ಮೊದಲು ಮೇಲಕ್ಕೂ ಆಮೇಲೆ ಅತ್ತಿತ್ತಲೂ ಸಾಗುವ ಹಾದಿ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ಆಟಗಾರನು ಖಾಲಿ ಗೋಡೆಗೆ ಗುಂಡು ಹಾರಿಸಿ, ಗುರುತುಗಳ ಆಕಾರವನ್ನು ಓದಿ, ಅದಕ್ಕೆ ತಿರುವುಮುರುವಾಗಿ ಕೈಯನ್ನು ಎಳೆಯುವುದನ್ನು ಅಭ್ಯಾಸಮಾಡುತ್ತಾನೆ. ಗುರಿ ದೂರವಿದ್ದರೆ ಒಂದೊಂದೇ ಗುಂಡು, ನಡುದೂರಕ್ಕೆ ಮೂರು ನಾಲ್ಕರ ಗುಂಪು, ತೀರ ಹತ್ತಿರವಾದರೆ ಮಾತ್ರ ಎಡೆಬಿಡದ ಮಳೆ. ಹಾರಿಸುವ ಮುನ್ನ ನಡಿಗೆಯನ್ನು ನಿಲ್ಲಿಸಬೇಕು. ಇದನ್ನು ಕೇವಲ ಚಾಪಲ್ಯವೆಂದು ತಳ್ಳಿಹಾಕುವುದು ಸುಲಭ. ಗೋಲಂದಾಜನ ಶಿಕ್ಷಣದಲ್ಲಿಯೂ ಇಂತಹದೇ ಸಂಯಮವಿದ್ದಿತೆಂಬುದನ್ನು ಮರೆಯಲಾಗದು.

ನಮ್ಮೂರಿನ ಹುಡುಗರು ಆಡುವುದು ಹೆಚ್ಚಾಗಿ ಮೊಬೈಲಿನಲ್ಲಿ. 2018ರಲ್ಲಿ ಬಂದ ಪಬ್ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ನಿಷೇಧಕ್ಕೊಳಗಾಯಿತು. 2021ರಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಿಂದ ಬಂದುದು 2022ರಲ್ಲಿ ಮರೆಯಾಗಿ 2023ರಲ್ಲಿ ಮರಳಿತು. ಇದರಲ್ಲಿ ಮೇಲ್ಮುಖದ ಏಳುವಿಕೆಯನ್ನು ಊಹಿಸಬಹುದು, ಅಡ್ಡ ಓಲಾಟವನ್ನು ಪೂರ್ತಿಯಾಗಿ ಊಹಿಸಲಾಗದು. ಹುಡುಗರು ಹೆಬ್ಬೆರಳನ್ನು ಗಾಜಿನ ಮೇಲೆ ಕೆಳಕ್ಕೆಳೆಯುತ್ತಾರೆ; ಕೆಲವರು ಜೈರೋಸ್ಕೋಪನ್ನು ನೆಚ್ಚಿ ಮೊಬೈಲನ್ನೇ ಬಾಗಿಸುತ್ತಾರೆ. ಮೂತಿಗೆ ಕಾಂಪೆನ್ಸೇಟರನ್ನೂ ಅಡಿಯಲ್ಲಿ ಹಿಡಿಯನ್ನೂ ಜೋಡಿಸಿದರೆ ಒದೆತ ತಗ್ಗುತ್ತದೆ. ಕೈಗೆ ಬದಲಾಗಿ ತಂತ್ರಾಂಶವೇ ಗುರಿಯನ್ನು ಕೆಳಗೆಳೆಯುವಂತೆ ಮಾಡುವುದನ್ನು ಸ್ಪರ್ಧೆಗಳಲ್ಲಿ ಮೋಸವೆಂದು ಪರಿಗಣಿಸುತ್ತಾರೆ. ತೋಪಿನವರು ನೀಗಿಸಿಕೊಳ್ಳಲು ಶತಮಾನಗಳ ಕಾಲ ಹೆಣಗಿದ ಪೀಡೆಯು ಇಲ್ಲಿ ಸ್ಪರ್ಧೆಯ ತಿರುಳೇ ಆಗಿರುವುದನ್ನು ಗಮನಿಸಬೇಕು.

ಆ ಹುಡುಗನ ಪ್ರಶ್ನೆಗೆ ಉದ್ದದ ಅಳತೆಯಿಂದ ಉತ್ತರ ದೊರೆಯಲಾರದು. ತೋಪು ಈಗ ಬಿದ್ದಿರುವ ಎಡೆಯೇ ಅದು ಸಿಡಿದ ಎಡೆಯೆಂದು ಹೇಳಲೂ ಬರುವುದಿಲ್ಲ. ತೋಪನ್ನು ಉರುಳಿಸಿ ಒಯ್ಯಬಹುದು, ಗೋಡೆಯನ್ನು ಒಯ್ಯಲಾಗದು. ಮುಂದಿನ ಕ್ಷೇತ್ರಕಾರ್ಯದಲ್ಲಿ ನಮ್ಮ ವಿದ್ಯಾರ್ಥಿಗಳು ಪ್ರತಿಯೊಂದು ಬುರುಜಿನ ಮೇಲೆಯೂ ಮೂರನ್ನು ಅಳೆಯತಕ್ಕದ್ದು: ನಡುಗುಣಿಯ ಅಗಲ, ಕುಣಿಯಿಂದ ಹಿಂಗೋಡೆಗಿರುವ ದೂರ, ಆ ಗೋಡೆಯ ದಪ್ಪ. ಗೋಡೆಯ ಒಳಮೈಯಲ್ಲಿ ಕಲ್ಲು ಜಜ್ಜಿಹೋದ ಗುರುತುಗಳಿದ್ದಲ್ಲಿ ನೆಲದಿಂದ ಅವುಗಳ ಎತ್ತರವನ್ನೂ ಬರೆದುಕೊಳ್ಳಬೇಕು.