ಬ್ರೂಸೆಲ್ಲೋಸಿಸ್: ಲಕ್ಷಣವಿಲ್ಲದ ಸೋಂಕಿನ ಚರಿತ್ರೆ

ಬ್ರೂಸೆಲ್ಲೋಸಿಸ್ ಆಡು, ಕುರಿ, ಆಕಳು, ಎಮ್ಮೆಗಳಿಂದ ಮನುಷ್ಯರಿಗೆ ತಗಲುವ ಬ್ಯಾಕ್ಟೀರಿಯಾ ಸೋಂಕು. ಗಬ್ಬದ ದನ ಅವಧಿಗೆ ಮೊದಲೇ ಕಂದು ಹಾಕುವುದರಿಂದ ಇದಕ್ಕೆ ಕಂದು ಹಾಕುವ ರೋಗ ಎಂಬ ಹೆಸರೂ ಉಂಟು. ಮನುಷ್ಯರಲ್ಲಿ ಬಿಟ್ಟುಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ಇದರ ಲಕ್ಷಣಗಳು. ಆದರೆ ಸೋಂಕು ತಗಲಿದ ಅನೇಕರಿಗೆ ಇವು ಯಾವುವೂ ಕಾಣುವುದಿಲ್ಲ. ಅಂಥವರಲ್ಲಿ ರಕ್ತದಲ್ಲಿನ ಪ್ರತಿಕಾಯಗಳೇ ಗುರುತು.

1887ರಲ್ಲಿ ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಲ್ಲಿ ಈ ರೋಗಾಣುವನ್ನು ಕಂಡರು. ಅದು ಬಂದದ್ದೆಲ್ಲಿಂದ ಎಂದು ತಿಳಿಯಲು ಹದಿನೆಂಟು ವರ್ಷ ಹಿಡಿಯಿತು. ತಡವಾದದ್ದಕ್ಕೆ ಕಾರಣ ಸ್ಪಷ್ಟ: ಸೋಂಕು ಹೊತ್ತ ಆಡುಗಳು ಚೆನ್ನಾಗಿ ಮೇಯುತ್ತಿದ್ದವು, ಹಾಲೂ ಕೊಡುತ್ತಿದ್ದವು, ಯಾರಿಗೂ ಅನುಮಾನ ಬರಲಿಲ್ಲ. 1905ರಲ್ಲಿ ಮಾಲ್ಟಾದ ವೈದ್ಯ ಥೆಮಿಸ್ಟೋಕ್ಲಿಸ್ ಝಮ್ಮಿಟ್ ಅವುಗಳ ರಕ್ತ ಪರೀಕ್ಷಿಸಿದಾಗ ಸೋಂಕು ಬಯಲಾಯಿತು. ಮರುವರ್ಷ ಸೈನಿಕರಿಗೆ ಆಡಿನ ಹಾಲು ನಿಲ್ಲಿಸಿದೊಡನೆ ಜ್ವರ ಇಳಿಮುಖವಾಯಿತು. ಆಕಳ ಗರ್ಭಪಾತಕ್ಕೆ ಕಾರಣವಾದ, ಈ ರೋಗಾಣುವಿನ ಹತ್ತಿರದ ಸಂಬಂಧಿಯನ್ನು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬಾಂಗ್ 1897ರಲ್ಲೇ ಗುರುತಿಸಿದ್ದರು.

ನಮ್ಮಲ್ಲಿ, ಉತ್ತರ ಕರ್ನಾಟಕದ ಕಲಬುರಗಿಗೆ ಹೊಂದಿಕೊಂಡ ವಿಜಯಪುರದಲ್ಲಿ ಡಾ. ಬಿ. ಜಿ. ಮಂಟೂರ ಮತ್ತು ಸಂಗಡಿಗರು ನಡೆಸಿದ ಕೆಲಸ ಈ ಸೀಮೆಯ ಮಟ್ಟಿಗೆ ಬಹು ದೊಡ್ಡದು. ಹದಿನಾರು ವರ್ಷಗಳಲ್ಲಿ ವಯಸ್ಕರ 26,948 ರಕ್ತಮಾದರಿಗಳನ್ನು ಪರೀಕ್ಷಿಸಿ 495ರಲ್ಲಿ ಸೋಂಕು ಪತ್ತೆಹಚ್ಚಿದ ಅವರ ವರದಿ 2006ರಲ್ಲಿ ಪ್ರಕಟವಾಯಿತು. ಅಲ್ಲಿ ಬೆಳೆಸಿ ನೋಡಿದ ರೋಗಾಣು ಹೆಚ್ಚಾಗಿ ಮಾಲ್ಟಾದ್ದೇ: ಆಡು-ಕುರಿಗಳ ಬ್ರೂಸೆಲ್ಲಾ ಮೆಲಿಟೆನ್ಸಿಸ್. ಪರೀಕ್ಷೆ ಮಾಡದೆ ಹೋದರೆ ಈ ಜ್ವರ ಟೈಫಾಯ್ಡ್, ಮಲೇರಿಯಾ, ಕ್ಷಯಗಳ ಲೆಕ್ಕದಲ್ಲಿ ಸೇರಿಹೋಗುತ್ತದೆ.

ಹುಮನಾಬಾದ ರಸ್ತೆಯ ಕಮಲಾಪುರದಂಥ ಬಯಲುಸೀಮೆಯ ತಾಲ್ಲೂಕುಗಳಲ್ಲೂ ಕಲಬುರಗಿ ನಗರದ ಹಾಲಿನವರ ಓಣಿಗಳಲ್ಲೂ ಸೋಂಕಿನ ದಾರಿಗಳು ಅವೇ: ಈಯುವಾಗ ಬರಿಗೈಯಿಂದ ಕರು ಎಳೆಯುವುದು, ಬಿದ್ದ ಕಂದನ್ನೂ ಮಾಸನ್ನೂ ಮುಟ್ಟಿ ಎತ್ತುವುದು, ಕಾಯಿಸದ ಹಾಲು ಕುಡಿಯುವುದು. ಕುರಿಗಾರರು, ಕಸಾಯಿಗಳು, ಪಶುವೈದ್ಯರಿಗೆ ಅಪಾಯ ಹೆಚ್ಚು. ಕರುಗಳಿಗೆ ಜೀವಂತ ರೋಗಾಣುವಿನ ಎಸ್-19 ಲಸಿಕೆ ಹಾಕುವವರಿಗೂ ಸೂಜಿ ಚುಚ್ಚಿದರೆ ಸೋಂಕು ತಗಲಬಹುದು. ಪ್ರತಿಕಾಯವಿದ್ದ ಮಾತ್ರಕ್ಕೆ ಔಷಧ ಬೇಕೆಂದಿಲ್ಲ, ಆದರೆ ಅಂಥವರ ಮೇಲೆ ವೈದ್ಯರ ಕಣ್ಣಿರಬೇಕು. ರೋಗ ಕಾಣಿಸಿಕೊಂಡರೆ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಜೊತೆಯಾಗಿ ಆರು ವಾರ.

2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಣಿರೋಗ ನಿಯಂತ್ರಣ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಒಮ್ಮೆ ಈ ರೋಗದ ಲಸಿಕೆ ಕೊಡಲಾಗುತ್ತದೆ. ಅದು ಆಕಳು, ಎಮ್ಮೆಗಳ ಕರುಗಳಿಗೆ ಮಾತ್ರ. ವಿಜಯಪುರದ ರೋಗಿಗಳಲ್ಲಿ ಕಂಡ ರೋಗಾಣುವಿನ ನಿಜವಾದ ಆಸರೆ ಆಡು-ಕುರಿಗಳು. ಅವನ್ನು ಈ ಲಸಿಕೆಯ ಯೋಜನೆಯಿಂದ ಹೊರಗಿಟ್ಟಿರುವುದು ದೊಡ್ಡ ಕೊರತೆ.