ನಾಡಿಯೋ ಉಸಿರೋ: ಅರಿವಳಿಕೆಯ ನಿಗಾ ಕುರಿತ ಒಂದು ಹಳೆಯ ಜಗಳ

1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಕುರ್ಚಿಯಲ್ಲಿ ಕೂತಳು. ಬಟ್ಟೆಗೆ ಹನಿಸಿದ ಕ್ಲೋರೋಫಾರ್ಮ್ ಮೂಗಿಗೆ ಹಿಡಿದ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಯಿತು. ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಈ ಔಷಧವನ್ನು ಬಳಕೆಗೆ ತಂದು ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. ಹೊಟ್ಟೆ ಕೊಯ್ಯುವ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಲ್ಲ, ಉಗುರು ತೆಗೆಯುವ ಸಣ್ಣ ಕೆಲಸದಲ್ಲಿ ಸಾವು ಬಂತೆಂಬುದನ್ನು ಗಮನಿಸಬೇಕು. ಮಂಪರು ಬರಿಸಿ ಮಾಡುವ ಸಣ್ಣಪುಟ್ಟ ಚಿಕಿತ್ಸೆಗಳ ಚರಿತ್ರೆಯುದ್ದಕ್ಕೂ ಇದೇ ಪಾಡು. ಕೆಲಸ ಚಿಕ್ಕದಾದಷ್ಟೂ ನಿಗಾ ಸಡಿಲ.

ಹುಡುಗಿ ಸತ್ತದ್ದು ಹೃದಯ ನಿಂತು ಎಂದು ಲಂಡನ್ನಿನ ವೈದ್ಯ ಜಾನ್ ಸ್ನೋ ವಾದಿಸಿದ. ಔಷಧದ ತಪ್ಪಲ್ಲ, ಎಚ್ಚರಿಸಲೆಂದು ಬಾಯಿಗೆ ಹಾಕಿದ ನೀರು, ಬ್ರಾಂದಿ ಉಸಿರುಗಟ್ಟಿಸಿದವು ಎಂದು ಸಿಂಪ್ಸನ್ ಹೇಳಿದ. ಮುಂದೆ ಇದೇ ಎರಡು ಪಂಥವಾಯಿತು. ಲಂಡನ್ನಿನ ವೈದ್ಯರು ನಾಡಿಯ ಮೇಲೆ ಬೆರಳಿಡಬೇಕೆಂದರು. ಎಡಿನ್‌ಬರೋದಲ್ಲಿ ಶಸ್ತ್ರವೈದ್ಯ ಜೇಮ್ಸ್ ಸೈಮ್‌ನ ಕೈಕೆಳಗೆ ಕಲಿತವರು ನಾಡಿಯನ್ನು ಬಿಟ್ಟು ಉಸಿರನ್ನೇ ನೋಡಿ ಎಂದರು.

ಆ ಜಗಳ ತೀರ್ಮಾನಕ್ಕೆ ಬಂದದ್ದು ನಮ್ಮ ಪಕ್ಕದಲ್ಲೇ. ಆಗ ಕಲಬುರಗಿ, ರಾಯಚೂರು, ಬೀದರ ಸೀಮೆಗಳನ್ನೂ ಆಳುತ್ತಿದ್ದ ನಿಜಾಮನ ರಾಜಧಾನಿ ಹೈದರಾಬಾದಿನಲ್ಲಿ ಸೈಮ್‌ನ ಶಿಷ್ಯ ಎಡ್ವರ್ಡ್ ಲಾರಿ ರೆಸಿಡೆನ್ಸಿ ಸರ್ಜನ್ ಆಗಿದ್ದ, ಅಲ್ಲಿನ ವೈದ್ಯಕೀಯ ಶಾಲೆಯ ಮುಖ್ಯಸ್ಥನೂ ಅವನೇ. 1888ರಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಸಿ, ಕ್ಲೋರೋಫಾರ್ಮ್‌ನಿಂದ ಮೊದಲು ನಿಲ್ಲುವುದು ಉಸಿರು, ಹೃದಯವಲ್ಲ ಎಂದು ಸಾರಿದ. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ನಂಬಲಿಲ್ಲ. ಆಗ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಸಾವಿರ ಪೌಂಡು ಕೊಟ್ಟು, ನಿಮ್ಮ ಕಡೆಯವರನ್ನೇ ಕಳಿಸಿ ಪರೀಕ್ಷಿಸಿ ಎಂದ. 1889ರಲ್ಲಿ ಪತ್ರಿಕೆಯ ಪರವಾಗಿ ಲಂಡನ್ನಿನ ವೈದ್ಯ ಲಾಡರ್ ಬ್ರಂಟನ್ ಬಂದ. ಹೃದಯ ನಿಂತೇ ಸಾವು ಬರುತ್ತದೆಂದು ನಂಬಿ ಹೊರಟಿದ್ದವನು, ನಾಯಿ, ಕೋತಿ, ಆಡು, ಮೊಲ ಎಂದು ನೂರಾರು ಪ್ರಾಣಿಗಳ ರಕ್ತದೊತ್ತಡದ ಗೆರೆಗಳನ್ನು ನೋಡಿ ಲಾರಿಯ ಪಕ್ಷಕ್ಕೇ ವಾಲಿದ. ದೇಶೀ ಸಂಸ್ಥಾನವೊಂದು ಹಣ ಸುರಿದು ಲಂಡನ್ನಿನ ವೈದ್ಯವಿವಾದಕ್ಕೆ ತೀರ್ಪು ಬರೆಸಿದ್ದು ಅಪರೂಪವೇ. ಅದೇ ಹೈದರಾಬಾದಿನಲ್ಲಿ ಕ್ಲೋರೋಫಾರ್ಮ್ ಕೊಡುವುದರಲ್ಲಿ ಪಳಗಿದ ಡಾ. ರೂಪಾಬಾಯಿ ಫರ್ದೂನ್‌ಜಿ ಅವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯರ ಸಾಲಿನಲ್ಲಿ ಹೆಸರಿಸುತ್ತಾರೆ.

ಆದರೆ ತೀರ್ಪಿನಲ್ಲಿ ದೋಷವಿತ್ತು. 1911ರಲ್ಲಿ ಇಂಗ್ಲೆಂಡಿನ ವೈದ್ಯ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಕ್ಲೋರೋಫಾರ್ಮ್ ಅರೆಬರೆ ಹತ್ತಿದ ಹಂತದಲ್ಲಿ ಅಡ್ರಿನಲಿನ್ ಸೇರಿದರೆ ಹೃದಯದ ಕೆಳಕೋಣೆಗಳು ಅದುರಿ ಏಕಾಏಕಿ ನಿಲ್ಲುತ್ತವೆಂದು ತೋರಿಸಿದ. ಹೆದರಿದ ಮನುಷ್ಯನ ರಕ್ತದಲ್ಲಿ ಅಡ್ರಿನಲಿನ್‌ಗೆ ಬರವೇ? ಹನ್ನಾಳ ಸಾವಿನ ವಿಷಯದಲ್ಲಿ ಸ್ನೋ ಹೇಳಿದ್ದೇ ಸರಿಯಿದ್ದಿರಬೇಕು. ಅಂದರೆ ಲಾರಿ ಹೃದಯದ ಬಗ್ಗೆ ಹೇಳಿದ್ದು ತಪ್ಪು, ಉಸಿರನ್ನು ನೋಡಿ ಎಂದದ್ದು ಸರಿ. ಚರಿತ್ರಕಾರರು ಬಹುಮಟ್ಟಿಗೆ ಮೊದಲನೆಯದನ್ನಷ್ಟೇ ನೆನೆದು ಅವನನ್ನು ಪಕ್ಕಕ್ಕೆ ಸರಿಸಿದ್ದಾರೆ. ನನಗೆ ಎರಡನೆಯದೇ ಮುಖ್ಯವಾಗಿ ಕಾಣುತ್ತದೆ.

ಮೈಸೂರು ಸಂಸ್ಥಾನದ ಕತೆ ಇಷ್ಟು ಗದ್ದಲದ್ದಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆಯಿತು. 1924ರಲ್ಲಿ ಮೈಸೂರು ವೈದ್ಯಕೀಯ ಕಾಲೇಜು ಶುರುವಾಯಿತು. ಹಾಸನದಲ್ಲಿ ವೆಸ್ಲಿಯನ್ ಮಿಷನ್‌ನವರು ಕಟ್ಟಿದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಹೆಂಗಸರು, ಮಕ್ಕಳಿಗೆ ಆಸರೆಯಾಯಿತು. ಆ ಕಾಲದಲ್ಲಿ ಅರಿವಳಿಕೆ ಕೊಡುವುದು ಬೇರೆಯೇ ಒಂದು ವೃತ್ತಿ ಎಂಬ ಕಲ್ಪನೆ ದೇಶದಲ್ಲೇ ಗಟ್ಟಿಯಾಗಿರಲಿಲ್ಲ. ಭಾರತೀಯ ಅರಿವಳಿಕೆ ತಜ್ಞರ ಸಂಘ ಹುಟ್ಟಿದ್ದೇ 1947ರಲ್ಲಿ. ಹಾಸನಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬರಲು 2006 ಆಗಬೇಕಾಯಿತು.

ತಾಲೂಕು ಆಸ್ಪತ್ರೆಗಳ ಮಟ್ಟದಲ್ಲಿ ದೊಡ್ಡ ಬದಲಾವಣೆ ತಂದದ್ದು ಕೆಟಮಿನ್ ಎಂಬ ಔಷಧ. ಅಮೆರಿಕದಲ್ಲಿ 1962ರಲ್ಲಿ ತಯಾರಾಗಿ 1970ರಲ್ಲಿ ಅನುಮತಿ ಪಡೆದ ಇದು ನೋವು, ಅರಿವು ಎರಡನ್ನೂ ಕಳೆದರೂ ಸಾಮಾನ್ಯವಾಗಿ ಉಸಿರಾಟವನ್ನೂ ರಕ್ತದೊತ್ತಡವನ್ನೂ ಕುಗ್ಗಿಸುವುದಿಲ್ಲ. ಅರಿವಳಿಕೆ ಯಂತ್ರವಿಲ್ಲದ ಕಡೆ ಕೀವುಗಟ್ಟಿದ ಬಾವು ಕೊಯ್ಯಲು, ಮೂಳೆ ಕೂರಿಸಲು ಒದಗಿಬಂತು. ಇನ್ನೊಂದು ಕಡೆ ಸಂತಾನಹರಣದ ಕ್ಯಾಂಪುಗಳಲ್ಲಿ ಹೊಟ್ಟೆಯ ಚರ್ಮ ಜೋಮು ಹಿಡಿಸುವುದರ ಜೊತೆಗೆ ಫೋರ್ಟ್‌ವಿನ್, ಫೆನರ್ಗನ್ ಎಂಬ ಮತ್ತಿನ ಇಂಜೆಕ್ಷನ್ನುಗಳು ರೂಢಿಯಾದವು. ಕರ್ನಾಟಕದ ಎಷ್ಟೋ ಹಳ್ಳಿ ಹೆಂಗಸರು ಮತ್ತಿನ ಇಂಜೆಕ್ಷನ್ ಎಂದರೇನೆಂದು ಮೊದಲು ತಿಳಿದದ್ದು ಈ ಕ್ಯಾಂಪುಗಳಲ್ಲಿ. ಸಾಲಾಗಿ ಮಲಗಿಸಿ ಒಬ್ಬರಾದ ಮೇಲೊಬ್ಬರಿಗೆ ಮಾಡುವಲ್ಲಿ ಪ್ರತಿಯೊಬ್ಬಳ ಉಸಿರನ್ನು ಎಣಿಸುವ ಪುರಸೊತ್ತು ಯಾರಿಗಿತ್ತು? 2016ರಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷದೊಳಗೆ ಇಂಥ ಕ್ಯಾಂಪುಗಳನ್ನು ನಿಲ್ಲಿಸಲು ಕ್ರಮ ಕೈಗೊಳ್ಳಿ ಎಂದು ಸರ್ಕಾರಕ್ಕೆ ಹೇಳಿತು. ಕ್ಯಾಂಪುಗಳಾಚೆಗೂ ನಿಗಾ ನೋಡುವವರು ಸಾಲದಿದ್ದರು: ತುರ್ತು ಹೆರಿಗೆಗಳಿಗಾಗಿ ಎಂಬಿಬಿಎಸ್ ವೈದ್ಯರಿಗೇ 18 ವಾರಗಳ ಅರಿವಳಿಕೆ ತರಬೇತಿ ಕೊಡುವ ಯೋಜನೆ ಬಂದದ್ದು ತಜ್ಞರ ಕೊರತೆಯಿಂದ.

1974ರಲ್ಲಿ ಜಪಾನಿನ ತಕುವೊ ಅವೊಯಾಗಿ ಪಲ್ಸ್ ಆಕ್ಸಿಮೀಟರಿನ ತತ್ತ್ವ ಕಂಡುಕೊಂಡ. ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಅದನ್ನು ಮನೆಮನೆಗೆ ಹೊತ್ತು ತಂದು ಬೆರಳಿಗೆ ಸಿಕ್ಕಿಸಿದ್ದರಿಂದ ಈಗ ಅದರ ಪರಿಚಯವಿಲ್ಲದವರಿಲ್ಲ. ನಾಡಿಯನ್ನೂ ಆಮ್ಲಜನಕವನ್ನೂ ಒಟ್ಟಿಗೆ ತೋರಿಸುವ ಯಂತ್ರ ಬಂದಮೇಲೆ ಹಳೆಯ ಜಗಳ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟ ರೋಗಿಯ ಉಸಿರು ನಿಂತರೂ ಶ್ವಾಸಕೋಶದಲ್ಲಿ ಉಳಿದ ಆಮ್ಲಜನಕದಿಂದಾಗಿ ಯಂತ್ರ ಕೆಲವು ನಿಮಿಷ 98, 99 ಎಂದೇ ತೋರಿಸುತ್ತಿರಬಹುದು. ಅಂಕಿ ಇಳಿಯುವ ಹೊತ್ತಿಗೆ ತಡವಾಗಿರುತ್ತದೆ. ಹೀಗಾಗಿಯೇ ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಗೆರೆಯಾಗಿ ತೋರಿಸುವ ಕ್ಯಾಪ್ನೋಗ್ರಾಫನ್ನು ಮಧ್ಯಮ ಮಟ್ಟದ ಮಂಪರಿಗೂ ಬಳಸಬೇಕೆಂದು ಅಮೆರಿಕದ ಅರಿವಳಿಕೆ ತಜ್ಞರ ಸಂಘ 2011ರಲ್ಲಿ ವಿಧಿಸಿತು. ಉಸಿರನ್ನು ನೋಡಿ ಎಂಬ ಲಾರಿಯ ಮಾತು ಯಂತ್ರವಾಗಿ ಮರಳಿತೆನ್ನಬಹುದು.

ಅದೇ ಸಂಘದ ಇನ್ನೊಂದು ನಿಯಮಕ್ಕೆ ದುಬಾರಿ ಯಂತ್ರ ಬೇಡ: ಚಿಕಿತ್ಸೆ ಮಾಡುವವರೇ ನಿಗಾ ನೋಡಬಾರದು, ಅದಕ್ಕೆ ಬೇರೊಬ್ಬರಿರಬೇಕು. ಎಂಡೋಸ್ಕೋಪಿ ಮಾಡುವ ವೈದ್ಯರ ಕಣ್ಣು ಪರದೆಯ ಮೇಲಿರುತ್ತದೆ, ರೋಗಿಯ ಎದೆಯ ಮೇಲಲ್ಲ. ಮಂಪರಿಗೆ ಗಡಿಗೆರೆಯೂ ಇಲ್ಲ. ಕರೆದರೆ ಓಗೊಡುವಷ್ಟು ಎಂದು ಕೊಟ್ಟ ಮಿಡಜೋಲಾಂ ಎಂಬ ಮಂಪರಿನ ಔಷಧ, ವಯಸ್ಸಾದವರಿಗೆ ಅಲುಗಿಸಿದರೂ ಏಳದಷ್ಟು ಹತ್ತಬಹುದು.

ಖಾಲಿ ಹೊಟ್ಟೆಯ ನಿಯಮವನ್ನೂ ಹೇಳಿಬಿಡಬೇಕು. ಹೆರಿಗೆಯ ಅರಿವಳಿಕೆಯಲ್ಲಿ ಹೊಟ್ಟೆಯ ಹುಳಿ ಶ್ವಾಸಕೋಶಕ್ಕೆ ಇಳಿಯುವ ಅಪಾಯವನ್ನು 1946ರಲ್ಲಿ ನ್ಯೂಯಾರ್ಕಿನ ವೈದ್ಯ ಕರ್ಟಿಸ್ ಮೆಂಡೆಲ್‌ಸನ್ ವಿವರಿಸಿದ. ಈಗಿನ ಲೆಕ್ಕ ಲಘು ಊಟಕ್ಕೆ 6 ಗಂಟೆ, ನೀರಿಗೆ 2 ಗಂಟೆ. ಹಾಲು, ಹಾಲು ಬೆರೆಸಿದ ಕಾಫಿ ಊಟದ ಲೆಕ್ಕಕ್ಕೇ ಸೇರುತ್ತವೆ. ಕಾಫಿ ಕುಡಿಯದೆ ಬೆಳಗಾಗದ ನಮ್ಮ ಹಾಸನ ಸೀಮೆಯಲ್ಲಿ ಇದನ್ನು ಒತ್ತಿ ಹೇಳದಿದ್ದರೆ, ‘ಏನೂ ತಿಂದಿಲ್ಲ ಡಾಕ್ಟ್ರೇ, ಒಂದು ಲೋಟ ಕಾಫಿ ಅಷ್ಟೇ’ ಎಂಬ ಉತ್ತರ ಬರುತ್ತದೆ.

ಕಟ್ಟಾಯದಿಂದಲೋ ಅರಕಲಗೂಡಿನಿಂದಲೋ ಹಾಸನಕ್ಕೆ ಬಂದು ಎಂಡೋಸ್ಕೋಪಿಗೋ ಮಗುವಿನ ಎಂಆರ್‌ಐಗೋ ಸಹಿ ಹಾಕುವವರು, ಮಂಪರು ಕೊಟ್ಟ ಮೇಲೆ ನಿಗಾ ನೋಡಿಕೊಳ್ಳಲೆಂದೇ ಇರುವವರು ಯಾರು ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.