ತಾತನ ಶಂಖ ಯಾವ ಮರಳಿನದು

ಕೊಂಗು ನಾಡಿನ ಸಿಂಗಾನಲ್ಲೂರಿನ ನಮ್ಮ ಮನೆಯ ದೇವರ ಗೂಡಿನಲ್ಲಿ ತಾತನ ಶಂಖ ಇನ್ನೂ ಇದೆ. ತಮಿಳಿನ ಮಾಸಿ ತಿಂಗಳಲ್ಲಿ ಕಾರಮಡೈ ರಂಗನಾಥಸ್ವಾಮಿಯ ತೇರಿಗೆ ಹೊರಡುವಾಗ ತಾತ ಅದನ್ನು ಹೆಗಲಿಗೆ ತೂಗುಹಾಕಿಕೊಂಡು, ಕೈಯಲ್ಲಿ ಜಾಗಟೆ ಹಿಡಿಯುತ್ತಿದ್ದರು. ಪಂದವೆಂಬ ಪಂಜು ಹಿಡಿದು ಕುಣಿಯುವ ದಾಸರ ನಡುವೆ ಅವರು ಶಂಖ ಊದಿದರೆ ನನ್ನ ಎದೆ ನಡುಗುತ್ತಿತ್ತು. ಎಲ್ಲಿಂದ ಬಂತು ತಾತ ಇದು ಎಂದು ಕೇಳಿದರೆ, “ರಾಮೇಶ್ವರದ ಕಡಲಿಂದ ಕಣೋ” ಅನ್ನುತ್ತಿದ್ದರು. ಕಡಲೆಂದರೆ ಎಲ್ಲ ಕಡೆಯೂ ಒಂದೇ ನೀರು, ಎಲ್ಲಿ ಕೈ ಹಾಕಿದರೂ ಶಂಖ ಸಿಗುತ್ತದೆ ಎಂದೇ ನಾನು ತುಂಬಾ ದಿನ ನಂಬಿದ್ದೆ.

ಕಡಲು ಕಾಣದ ನಮ್ಮ ಕೊಂಗು ನಾಡಿಗೆ ಶಂಖ ಬರುತ್ತಿದ್ದುದು ಇಂದು ನಿನ್ನೆಯ ಮಾತಲ್ಲ. ನಮ್ಮೂರಿನ ಮಗ್ಗುಲಿನ ವೆಳ್ಳಲೂರಿನಲ್ಲಿ 1842ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ನಮ್ಮ ನೊಯ್ಯಲ್ ಹೊಳೆಯ ಜೊತೆಗೇ ತಿರುಪ್ಪೂರು ದಾಟಿ ಕೆಳಗಿಳಿದರೆ ದಡದಲ್ಲಿ ಕೊಡುಮಣಲ್. ಅಲ್ಲಿ 1985ರಿಂದ ನಡೆದ ಉತ್ಖನನಗಳಲ್ಲಿ ಕಬ್ಬಿಣದ ಕುಲುಮೆ, ಮಣಿ ಕೊರೆದ ಕುರುಹುಗಳ ಜೊತೆ ಕುಯ್ದ ಶಂಖದ ಚೂರು, ಬಳೆಯ ತುಂಡುಗಳೂ ದೊರೆತವು. ಎರಡು ಸಾವಿರ ವರ್ಷದ ಹಿಂದೆ ನಮ್ಮ ಹೊಳೆದಂಡೆಯ ಕಸುಬುದಾರ ಕೂತು ಕುಯ್ಯುತ್ತಿದ್ದ ಶಂಖವನ್ನು ಯಾರೋ ಕಡಲ ತಳಕ್ಕಿಳಿದು ತಂದಿದ್ದರು. ಆ ಮುಳುಗುವವನ ಕಣ್ಣಿನ ಬಗ್ಗೆ ನನಗೆ ತೀರದ ಗೌರವ.

ಯಾಕೆಂದರೆ ರಾಮೇಶ್ವರದ ಮಗ್ಗುಲಿನ ಮನ್ನಾರ್ ಖಾರಿಯ ತಳ ಒಂದೇ ಬಗೆಯದಲ್ಲ. ತೂತ್ತುಕುಡಿಯ ಪರವರು, ಕೀಳಕ್ಕರೈಯ ಮುಸ್ಲಿಂ ಮುಳುಗುಗಾರರು ಅದನ್ನು ಹೊಲಗದ್ದೆಯಂತೆ ಗುರುತಿಟ್ಟಿದ್ದರು. ಗಟ್ಟಿ ಕಲ್ಲುಹಾಸಿಗೆ ಅವರು ‘ಪಾರ್’ ಅನ್ನುತ್ತಾರೆ. ಮುತ್ತಿನ ಚಿಪ್ಪು ಅಂಟಿಕೊಳ್ಳುವುದು ಅಲ್ಲಿ. ಒಂದೊಂದು ಪಾರ್‌ಗೂ ಹೆಸರುಂಟು. ಶಂಖ ಇರುವುದು ಮರಳಿನಲ್ಲಿ. ಅದರ ಆಹಾರ ಮರಳಲ್ಲಿ ಹುದುಗಿರುವ ಹುಳು. ಹುಳು ಇಲ್ಲದ ಕಡೆ ಶಂಖವಿಲ್ಲ. ಕಲ್ಲು ಕಟ್ಟಿದ ಹಗ್ಗಕ್ಕೆ ಕಾಲಿಟ್ಟು ಇಳಿದು, ಒಂದೇ ಉಸಿರಲ್ಲಿ ಕಲ್ಲು ಯಾವುದು ಮರಳು ಯಾವುದು ಎಂದು ನೋಡಿ ಬರುವ ವಿದ್ಯೆ ಅದು.

ಈ ತಿಳಿವಳಿಕೆಯನ್ನು ಪುಸ್ತಕಕ್ಕೆ ತಂದವರಲ್ಲಿ ಮದರಾಸು ಸರ್ಕಾರದ ಜೇಮ್ಸ್ ಹಾರ್ನೆಲ್ ಮುಖ್ಯ. ಭಾರತದ ಪವಿತ್ರ ಶಂಖದ ಮೇಲೆ ಆತನ ಗ್ರಂಥ 1914ರಲ್ಲಿ ಬಂತು. ಊರೂರಿನ ಶಂಖಗಳ ಆಕಾರ ಬೇರೆ ಬೇರೆ ಎಂದು ಆತ ವಿಂಗಡಿಸಿದ. ಕೆಲವು ನೀಳ, ಕೆಲವು ಮೋಟು. ಇದರ ಗುಟ್ಟು ಶಂಖದ ಹುಟ್ಟಿನಲ್ಲಿದೆ, ನನ್ನನ್ನು ಹಿಡಿದು ನಿಲ್ಲಿಸಿದ್ದೂ ಅದೇ. ತಾಯಿಶಂಖ ಟಗರಿನ ಕೊಂಬಿನಂಥ ಮೊಟ್ಟೆಗೂಡನ್ನು ಮರಳಿಗೆ ನೆಡುತ್ತದೆ. ಮರಿಗಳು ಅದರೊಳಗೇ ಪುಟಾಣಿ ಶಂಖಗಳಾಗಿ, ಹೊರಬಂದವು ಅಲ್ಲೇ ತೆವಳುತ್ತವೆ. ಮುತ್ತಿನ ಚಿಪ್ಪಿನ ಮರಿ ಹಾಗಲ್ಲ; ಎರಡು ಮೂರು ವಾರ ನೀರಲ್ಲಿ ತೇಲಿ, ಹರಿವು ಒಯ್ದ ಕಡೆ ಕಲ್ಲು ಸಿಕ್ಕರೆ ಉಳಿಯಿತು, ಇಲ್ಲದಿದ್ದರೆ ಹೋಯಿತು. ಹಾಗಾಗಿ ಮುತ್ತಿನ ಪಾರ್ ಒಂದು ವರ್ಷ ತುಂಬಿ, ಇನ್ನೊಂದು ವರ್ಷ ಬರಿದು. 1955ರಿಂದ ಸಾಲಾಗಿ ನಡೆದ ತೂತ್ತುಕುಡಿಯ ಮುತ್ತಿನ ಬೇಟೆ 1961ಕ್ಕೆ ನಿಂತದ್ದು ಮತ್ತೆ ನಡೆದಿಲ್ಲ. ಶಂಖ ಮಾತ್ರ ಹುಟ್ಟಿದ ಮರಳನ್ನು ಬಿಟ್ಟು ದೂರ ಹೋಗದು; ಅದಕ್ಕೇ ಊರೂರಿನ ಶಂಖಕ್ಕೂ ಅದರದೇ ಆಕಾರ. ಅದರ ಮರಳು ಬರಿದಾದರೆ ದೂರದಿಂದ ತೇಲಿಬಂದು ತುಂಬಿಕೊಡುವ ಮರಿಗಳಿಲ್ಲ. ಹಿಂದೆ ಅಳತೆಯ ಬಳೆಯಲ್ಲಿ ತೂರಿಹೋಗುವ ಚಿಕ್ಕ ಶಂಖವನ್ನು ಮತ್ತೆ ಕಡಲಿಗೇ ಬಿಡುತ್ತಿದ್ದರು. ಎಷ್ಟು ದೊಡ್ಡ ಬುದ್ಧಿ ಅದು! ಈಗ ತಳವನ್ನೆಲ್ಲ ಗೋರುವ ಟ್ರಾಲ್ ಬಲೆಗೆ ಅಳತೆಯೂ ಇಲ್ಲ, ಕಲ್ಲು ಮರಳಿನ ಭೇದವೂ ಇಲ್ಲ.

ಹವಳದ ಕಥೆಯೂ ಊರಿಗೊಂದು ತೆರ. ಇದೇ ಖಾರಿಯಲ್ಲಿ ಮಂಡಪಂ ಊರಿನಿಂದ ತೂತ್ತುಕುಡಿವರೆಗೆ ಹಬ್ಬಿದ 21 ದ್ವೀಪಗಳು 1986ರಲ್ಲಿ ರಾಷ್ಟ್ರೀಯ ಉದ್ಯಾನವಾದವು. ಮಂಡಪಂ ಬಳಿಯ ಕುರುಸಡೈ ದ್ವೀಪದ ದಂಡೆಯ ಜೀವಿಗಳ ಮೇಲೆ ಮದರಾಸು ಮ್ಯೂಸಿಯಂ 1927ರಲ್ಲೇ ಪುಸ್ತಕ ತಂದಿತ್ತು. ಅದೇ ಕುರುಸಡೈಯ ಹವಳವನ್ನು ಈ ಶತಮಾನದಲ್ಲಿ, ಬೇಸಾಯಕ್ಕೆಂದು ತಂದ ಹೊರಗಿನ ಪಾಚಿಯೊಂದು ಮುಸುಕಿತು. ಅತ್ತ ತೂತ್ತುಕುಡಿಯ ಕಡೆ ಹವಳವನ್ನೇ ಕಿತ್ತು ಸುಣ್ಣಕ್ಕೆ ಸುಟ್ಟರು. ಅಲೆ ತಡೆಯುವ ಗೋಡೆ ಹೋದ ಮೇಲೆ ವಿಲಾಂಗುಚಲ್ಲಿ ದ್ವೀಪ ನೀರಲ್ಲಿ ಮುಳುಗಿತು. 2016ರಲ್ಲಿ ಕಡಲ ನೀರು ಬಿಸಿಯಾದಾಗ ಕೊಂಬೆಕೊಂಬೆಯಾಗಿ ಬೇಗ ಬೆಳೆಯುವ ಹವಳಗಳೇ ಹೆಚ್ಚು ಸತ್ತವು, ಗುಂಡುಕಲ್ಲಿನಂಥವು ತಾಳಿಕೊಂಡವು. ಕೊಂಬೆಗಳ ಸಂದಿಯಲ್ಲಿ ಅಡಗುವ ಮರಿಮೀನಿಗೆ, ಹವಳವನ್ನೇ ಕಚ್ಚಿ ತಿನ್ನುವ ಚಿಟ್ಟೆಮೀನಿಗೆ ಗುಂಡುಹವಳ ಅದೇ ಮನೆಯಾಗಲಾರದು. ಹವಳ ಬದಲಾದ ಕಡೆ ಮೀನೂ ಬದಲಾಗುತ್ತದೆ.

ತಾತ ಹೋದ ಮೇಲೆ ಶಂಖವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕೀಳಕ್ಕರೈಗೆ ಹೋದೆ. ಮುಳುಗುವ ಕೆಲಸ ಬಿಟ್ಟು ವರ್ಷಗಳಾದ ಒಬ್ಬ ಹಿರಿಯರು ದಂಡೆಯಲ್ಲಿ ಕೂತಿದ್ದರು. “ಭಾಯ್, ಇದು ಎಲ್ಲಿಯದು ಹೇಳ್ತೀರಾ?” ಅಂದೆ. ಅವರು ಕಣ್ಣಿಗೆ ಹತ್ತಿರ ಹಿಡಿದು, ಬೆನ್ನಿನ ಮೇಲಿದ್ದ ಸೂಜಿಮೊನೆಯಷ್ಟು ತೂತುಗಳ ಮೇಲೆ ಉಗುರು ಆಡಿಸಿದರು. ಕಲ್ಲು, ಚಿಪ್ಪು ಕೊರೆಯುವ ಸ್ಪಂಜು ಮನೆಮಾಡಿದ ಗುರುತು ಅವು. ಬಳೆ ಕುಯ್ಯುವವರಿಗೆ ಇಂಥದ್ದು ಬೇಡ, ಕಡಿಮೆ ಬೆಲೆಗೆ ಹೋಗುತ್ತದೆ. “ಇದು ಬರೀ ಮರಳಲ್ಲಿ ಇದ್ದದ್ದಲ್ಲ ತಂಬಿ, ಪಕ್ಕದಲ್ಲಿ ಕಲ್ಲಿತ್ತು” ಅಂದರು. ಆಮೇಲೆ ತುದಿಗೆ ಬಾಯಿಟ್ಟು, ಕಡಲ ಕಡೆ ಮುಖ ಮಾಡಿ ಒಮ್ಮೆ ಊದಿ, ನನ್ನ ಕೈಗೆ ಕೊಟ್ಟರು.